ಬಿಡುವಿನ ವೇಳೆಯ ತಂತ್ರಾಂಶ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕೈಗೆಟುಕುವಷ್ಟು ಹತ್ತಿರದಲ್ಲಿ ಬೆಳೆದದ್ದಕ್ಕೆ ಬೆಲೆ ಕಡಮೆ, ದೂರದ ಅಂಗಡಿಯಿಂದ ಸೀಸೆಯಲ್ಲಿ ಬಂದದ್ದಕ್ಕೆ ಗೌರವ ಹೆಚ್ಚು ಎಂಬುದು ಅದರ ತಾತ್ಪರ್ಯ. ಆದರೆ ಹಿತ್ತಲನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ಹೊಲದಲ್ಲಿ ಬೆಳೆಯುವುದು ಪೇಟೆಗೆ. ಹಿತ್ತಲಲ್ಲಿ ಬೆಳೆಯುವುದು ಮನೆಗೆ. ಹೊಲಕ್ಕೆ ಏನು ಹಾಕಬೇಕೆಂಬುದನ್ನು ಪೇಟೆಯ ಧಾರಣೆ ನಿಶ್ಚಯಿಸುತ್ತದೆ. ಹಿತ್ತಲಲ್ಲಿ ಬಸಳೆ ಇರಬೇಕೆ, ದೊಡ್ಡಪತ್ರೆ ಇರಬೇಕೆ ಎಂಬುದನ್ನು ಮನೆಯವರ ರುಚಿ ಮತ್ತು ಮಕ್ಕಳ ಕೆಮ್ಮು ನಿಶ್ಚಯಿಸುತ್ತವೆ.

ಕಂಪ್ಯೂಟರಿನ ಪ್ರಪಂಚದಲ್ಲಿಯೂ ಈ ಎರಡು ಬಗೆಯ ಕೃಷಿ ಉಂಟು. ಬೆಂಗಳೂರು ಹೆಸರಾಗಿರುವುದು ಹೊಲದ ಬೆಳೆಗೆ. ಯಾವುದೋ ದೇಶದ ಬ್ಯಾಂಕಿಗೆ, ಯಾವುದೋ ಅಂಗಡಿಗೆ, ವಿಮಾನದ ಟಿಕೆಟ್ಟಿಗೆ ಬೇಕಾದ ಪ್ರೋಗ್ರಾಮುಗಳನ್ನು ಇಲ್ಲಿ ಸಹಸ್ರಾರು ಜನ ದಿನವೂ ಬರೆಯುತ್ತಾರೆ. ಅವರಲ್ಲಿ ಕೆಲವರು ರಾತ್ರಿ ಊಟವಾದ ಮೇಲೆ, ಇಲ್ಲವೆ ಭಾನುವಾರದ ಮಧ್ಯಾಹ್ನ, ಯಾರೂ ಹೇಳದಿದ್ದರೂ ಯಾರೂ ಸಂಬಳ ಕೊಡದಿದ್ದರೂ, ಸ್ವಂತಕ್ಕೆಂದು ಒಂದು ಚಿಕ್ಕ ವೆಬ್ ಅಪ್ಲಿಕೇಶನ್ ಕಟ್ಟುತ್ತ ಕೂಡುತ್ತಾರೆ. ಈ ಹೊತ್ತಿನ ನನ್ನ ಮಾತು ಈ ಹಿತ್ತಲ ಕೃಷಿಯನ್ನು ಕುರಿತದ್ದು. ಅದು ಹೇಗೆ ಹುಟ್ಟುತ್ತದೆ, ಪರರಿಗೂ ಹೇಗೆ ಬೇಕಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಕಟ್ಟಿದವರ ಉತ್ಸಾಹವೋ ಆಯುಸ್ಸೋ ಮುಗಿದ ಮೇಲೆ ಅದು ಬದುಕುವ ಬಗೆ ಯಾವುದು ಎಂಬ ಪ್ರಶ್ನೆ ಅನಂತರದ್ದು, ಅದೇ ಮುಖ್ಯವಾದದ್ದು.

ವೆಬ್ ಅಪ್ಲಿಕೇಶನ್ ಎಂದರೇನು ಎಂದು ಕೆಲವರು ಕೇಳಬಹುದು. ಸಾಧಾರಣ ಜಾಲತಾಣ ಗೋಡೆಗೆ ಅಂಟಿಸಿದ ಪ್ರಕಟಣೆಯ ಹಾಗೆ. ಓದಿಕೊಂಡು ಮುಂದೆ ಹೋಗಬಹುದು. ಅದನ್ನು ಪ್ರಶ್ನೆ ಕೇಳುವ ಹಾಗಿಲ್ಲ. ಅದೇ ಜಾಗದಲ್ಲಿ ಒಬ್ಬ ಗುಮಾಸ್ತೆಯನ್ನು ಕೂರಿಸಿದರೆ ಹೇಗೋ ಹಾಗೆ ಈ ವೆಬ್ ಅಪ್ಲಿಕೇಶನ್. ನೀವು ಕೇಳಿದ್ದನ್ನು ಹುಡುಕಿ ಕೊಡುತ್ತದೆ. ನೀವು ಕೊಟ್ಟ ವಿವರವನ್ನು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ನಾಳೆ ಬಂದು ವಿಚಾರಿಸಿದರೆ ತೆಗೆದು ತೋರಿಸುತ್ತದೆ. ಇದರಲ್ಲಿ ಸಾಮಾನ್ಯವಾಗಿ ಮೂರು ಅಂಗಗಳು. ನಿಮ್ಮ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಇರುವ ಬ್ರೌಸರು ಒಂದು. ಎಲ್ಲಿಯೋ ದೂರದಲ್ಲಿ ಹಗಲೂ ರಾತ್ರಿಯೂ ಚಾಲನೆಯಲ್ಲಿದ್ದು ಉತ್ತರ ಕೊಡುವ ಸರ್ವರು ಎರಡನೆಯದು. ವಿವರಗಳನ್ನು ಕೂಡಿಟ್ಟುಕೊಳ್ಳುವ ಉಗ್ರಾಣ, ಅಂದರೆ ಡೇಟಾಬೇಸು, ಮೂರನೆಯದು. ಬಳಸುವವರು ತಮ್ಮ ಯಂತ್ರದಲ್ಲಿ ಏನನ್ನೂ ಹೊಸದಾಗಿ ಸ್ಥಾಪಿಸಿಕೊಳ್ಳಬೇಕಾಗಿಲ್ಲ. ವಿಳಾಸ ಗೊತ್ತಿದ್ದರೆ ಸಾಕು.

ಒಬ್ಬನೇ ಕೂತು ಇಂಥದೊಂದನ್ನು ಕಟ್ಟಿ ಜಗತ್ತಿನ ಮುಂದೆ ಇಡುವುದು ಸಾಧ್ಯವಾದದ್ದಕ್ಕೆ ಒಂದು ಕಾರಣವಿದೆ. ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ ೧೯೮೯ರಲ್ಲಿ, ಜಿನೀವಾದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಅಲ್ಲಿನ ಕಾಗದಪತ್ರಗಳನ್ನು ಒಂದಕ್ಕೊಂದು ಜೋಡಿಸುವ ಯೋಜನೆಯೊಂದನ್ನು ಮುಂದಿಟ್ಟ. ಅದೇ ವರ್ಲ್ಡ್ ವೈಡ್ ವೆಬ್ ಆಯಿತು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆ ಆ ತಂತ್ರಾಂಶವನ್ನು ಸಾರ್ವಜನಿಕರ ಸ್ವತ್ತೆಂದು ಘೋಷಿಸಿತು. ಯಾರೂ ಯಾರ ಅಪ್ಪಣೆಯನ್ನೂ ಬೇಡದೆ, ಯಾರಿಗೂ ರಾಜಧನ ಕೊಡದೆ ಜಾಲದಲ್ಲಿ ಮನೆ ಕಟ್ಟಬಹುದೆಂದಾದದ್ದು ಆ ಉದಾರತೆಯಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಇದರ ಉಪಯೋಗ ಬೀಳುತ್ತದೆ.

ಸ್ವಂತಕ್ಕೆ ಕಟ್ಟುವ ತಂತ್ರಾಂಶದ ಬೀಜ ಸಾಮಾನ್ಯವಾಗಿ ಬಹಳ ಚಿಕ್ಕದು. ಹಾಲಿನ ಲೆಕ್ಕ ಇಡಬೇಕು. ಮನೆಯ ಪುಸ್ತಕಗಳಲ್ಲಿ ಯಾವುದು ಯಾರ ಕೈಗೆ ಹೋಗಿದೆ ಎಂದು ತಿಳಿಯಬೇಕು. ತೋಟಕ್ಕೆ ಯಾವ ದಿನ ನೀರು ಬಿಟ್ಟೆವೆಂದು ಗುರುತು ಹಾಕಬೇಕು. ಪೇಟೆಯಲ್ಲಿ ದೊರೆಯುವ ತಂತ್ರಾಂಶದಲ್ಲಿ ಇದಕ್ಕೆ ಹತ್ತು ಸೌಕರ್ಯ ಹೆಚ್ಚಿರುತ್ತದೆ, ಬೇಕಾದ ಒಂದು ಇರುವುದಿಲ್ಲ. ಆಗ ಪ್ರೋಗ್ರಾಂ ಬಲ್ಲವನು ತಾನೇ ಕಟ್ಟಿಕೊಳ್ಳುತ್ತಾನೆ. ಇದಕ್ಕೆ ಜಗತ್ತೆಲ್ಲ ಬಲ್ಲ ನಿದರ್ಶನವೊಂದಿದೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಜಾಶ್ ವಾರ್ಡಲ್ ಎಂಬ ತಂತ್ರಾಂಶಗಾರನ ಸಂಗಾತಿ ಪಲಕ್ ಶಾ ಅವರಿಗೆ ಪದದಾಟಗಳಲ್ಲಿ ಆಸಕ್ತಿ. ಅವರಿಬ್ಬರೂ ಆಡುವುದಕ್ಕೆಂದು ಆತ ಒಂದು ಆಟ ಕಟ್ಟಿದ. ಐದು ಅಕ್ಷರದ ಒಂದು ಇಂಗ್ಲಿಷ್ ಶಬ್ದವನ್ನು ಆರು ಯತ್ನದೊಳಗೆ ಊಹಿಸಬೇಕು. ದಿನಕ್ಕೆ ಒಂದೇ ಶಬ್ದ. ಇಂಗ್ಲಿಷಿನಲ್ಲಿ ಐದಕ್ಷರದ ಶಬ್ದಗಳು ಸುಮಾರು ೧೨,೦೦೦ ಇದ್ದವು. ಅವುಗಳಲ್ಲಿ ಜನಕ್ಕೆ ಪರಿಚಿತವಾದ ೨,೫೦೦ರಷ್ಟನ್ನು ಆರಿಸಿಕೊಟ್ಟವರು ಆಕೆಯೇ. ೨೦೨೧ರ ಅಕ್ಟೋಬರಿನಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಆಟದ ಹೆಸರು ವರ್ಡಲ್. ನವೆಂಬರ್ ೧ರಂದು ಅದನ್ನು ಆಡಿದವರು ೯೦ ಜನ. ೨೦೨೨ರ ಜನವರಿ ೨ರ ಹೊತ್ತಿಗೆ ೩,೦೦,೦೦೦ ಜನ. ಅದೇ ಜನವರಿಯ ಕೊನೆಯ ದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಏಳಂಕಿಯ ಡಾಲರು ಮೊತ್ತಕ್ಕೆ ಅದನ್ನು ಕೊಂಡುಕೊಂಡಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕೊನೆಯ ಮೊತ್ತದ ಬಳಿ ನಿಲ್ಲುತ್ತಾರೆ. ನಮಗೆ ಬೇಕಾದದ್ದು ಅದರ ಹಿಂದಿನದು. ಆ ಆಟದಲ್ಲಿ ಜಾಹೀರಾತು ಇರಲಿಲ್ಲ. ಹೆಸರು, ವಿಳಾಸ ಕೇಳುತ್ತಿರಲಿಲ್ಲ. ಶಬ್ದಗಳ ಪಟ್ಟಿಯೂ ಆಟದ ನಿಯಮವೂ ಆಡುವವರ ಬ್ರೌಸರಿನೊಳಗೇ ಇಳಿದುಬಿಡುತ್ತಿದ್ದವು. ಆದಕಾರಣ ತೊಂಬತ್ತು ಜನ ಮೂರು ಲಕ್ಷ ಜನರಾದರೂ ದೂರದ ಸರ್ವರಿನ ಮೇಲೆ ಆ ಪ್ರಮಾಣದಲ್ಲಿ ಭಾರ ಬೀಳಲಿಲ್ಲ. ಚಿಕ್ಕದಾಗಿ ಕಟ್ಟಿದ್ದರಿಂದಲೇ ಅದು ಪ್ರವಾಹವನ್ನು ತಡೆದುಕೊಂಡಿತು. ಆದರೆ ತಂತ್ರಾಂಶ ತಡೆದುಕೊಂಡಷ್ಟು ಸುಲಭವಾಗಿ ಮನುಷ್ಯ ತಡೆದುಕೊಳ್ಳಲಾರ. ಇಷ್ಟು ಜನರ ನಿರೀಕ್ಷೆ ತನಗೆ ತುಸು ಭಾರವೆನಿಸಿತೆಂದು ವಾರ್ಡಲ್ ಮಾರುವಾಗ ತಾನೇ ಹೇಳಿಕೊಂಡ.

ಇಂಥ ಆಟವನ್ನು ಕನ್ನಡದಲ್ಲಿ ಕಟ್ಟಹೊರಟವರಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಐದಕ್ಷರ ಎಂದರೆ ಯಾವುದನ್ನು ಎಣಿಸಬೇಕು? ಕಂಪ್ಯೂಟರು ಕನ್ನಡವನ್ನು ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ‘ಅರಸ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೂ ಮೂರು ಸಂಕೇತ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು ಸಂಕೇತ: ಮೂರು ವ್ಯಂಜನ, ಎರಡು ಹಲಂತದ ಚಿಹ್ನೆ, ಒಂದು ದೀರ್ಘದ ಗುರುತು. ಇಂಗ್ಲಿಷಿಗೆ ಬರೆದ ಪ್ರೋಗ್ರಾಮನ್ನು ಹಾಗೆಯೇ ತಂದು ಕನ್ನಡಕ್ಕೆ ಹೊಂದಿಸಿದರೆ ಆಟ ಕೆಡುತ್ತದೆ. ಕನ್ನಡಕ್ಕೆ ಬೇಕಾದ ತಂತ್ರಾಂಶವನ್ನು ಕನ್ನಡ ಬಲ್ಲವರು ಕೂತು ಯೋಚಿಸಬೇಕೆಂಬುದಕ್ಕೆ ಇದು ಒಂದು ಸಣ್ಣ ಸಾಕ್ಷಿ. ಪೇಟೆಯ ದೊಡ್ಡ ಕಂಪನಿಗಳಿಗೆ ಇದರಲ್ಲಿ ಲಾಭ ಕಾಣದಿದ್ದರೆ, ಬಿಡುವಿನ ವೇಳೆಯವರೇ ಮಾಡಬೇಕು.

ಮಾಡಿದವರೂ ಇದ್ದಾರೆ. ಅದರ ಕಥೆ ನೆರೆಯ ಕೇರಳದ ಭಾಷೆಯಿಂದ ಪ್ರಾರಂಭವಾಗುತ್ತದೆ. ಕೈಲಾಶ್ ನಾಧ್ ಎಂಬ ತಂತ್ರಾಂಶಗಾರರು ೨೦೧೦ರಲ್ಲಿ ‘ಓಳಂ’ ಎಂಬ ಮಲಯಾಳಂ ನಿಘಂಟಿನ ಜಾಲತಾಣವನ್ನು ತಮ್ಮ ಸ್ವಂತ ಆಸಕ್ತಿಯಿಂದ ಆರಂಭಿಸಿದರು. ಓಳಂ ಎಂದರೆ ಅಲೆ. ಮುಂದೆ ೨೦೧೩ರಲ್ಲಿ ಕೆ. ಜೆ. ಜೋಸೆಫ್ ಎಂಬುವರು ಗಣಕಕ್ಕೆ ಏರಿಸಿದ್ದ, ಎಂಬತ್ತು ಸಾವಿರಕ್ಕೂ ಮಿಕ್ಕ ಶಬ್ದಗಳ ಮಲಯಾಳಂ–ಮಲಯಾಳಂ ನಿಘಂಟು ಅದಕ್ಕೆ ಸೇರಿತು. ಒಬ್ಬರು ಕಟ್ಟಿದ ಮನೆಗೆ ಇನ್ನೊಬ್ಬರು ದವಸ ತಂದು ತುಂಬಿದ ಹಾಗೆ.

ಇತ್ತ ಕನ್ನಡದಲ್ಲಿ ವಿ. ಕೃಷ್ಣ ಎಂಬ ವಿದ್ವಾಂಸರು ಸುಮಾರು ನಾಲ್ಕು ದಶಕಗಳ ಕಾಲ ಒಂಟಿಯಾಗಿ ಒಂದು ಕನ್ನಡ–ಇಂಗ್ಲಿಷ್ ನಿಘಂಟನ್ನು ಕೂಡಿಸುತ್ತ ಬಂದಿದ್ದರು. ೧,೫೦,೦೦೦ಕ್ಕೂ ಮಿಕ್ಕ ಕನ್ನಡ ನಮೂದುಗಳು. ೨,೪೦,೦೦೦ಕ್ಕೂ ಮಿಕ್ಕ ಇಂಗ್ಲಿಷ್ ಅರ್ಥಗಳು. ಇದರ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳಬೇಕಾದರೆ ಕಿಟ್ಟೆಲ್ ಸಾಹೇಬರನ್ನು ನೆನೆಯಬೇಕು. ಅವರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅದರ ಬೆನ್ನಿಗೆ ಬಾಸೆಲ್ ಮಿಶನ್ನಿನ ಮುದ್ರಣಾಲಯವಿತ್ತು. ಕೃಷ್ಣ ಅವರ ನಿಘಂಟಿಗೆ ೨೦೧೯ರಲ್ಲಿ ದೊರೆತ ಮುದ್ರಣಾಲಯ ಯಾವುದು ಗೊತ್ತೆ? ಓಳಂ ನಡೆಸಿದ ಅನುಭವದಿಂದ ಹುಟ್ಟಿದ ಅದೇ ಚಿಕ್ಕ ವೆಬ್ ತಂತ್ರಾಂಶ. ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಜಾಲಕ್ಕೆ ಬಂತು. ಅಲರ್ ಎಂದರೆ ಹಳಗನ್ನಡದಲ್ಲಿ ಹೂವು.

ಇಲ್ಲಿ ಪಣಕ್ಕಿದ್ದದ್ದು ಏನೆಂಬುದನ್ನು ಒಂದು ಕ್ಷಣ ನಿಂತು ಯೋಚಿಸಿ. ಒಬ್ಬ ಮನುಷ್ಯನ ನಾಲ್ಕು ದಶಕಗಳ ದುಡಿಮೆ ಹಸ್ತಪ್ರತಿಯಾಗಿಯೇ ಉಳಿದರೆ ಅದರ ಗತಿ ಏನಾಗುತ್ತದೆ ಎಂಬುದು ನಮ್ಮ ಊರುಗಳ ಅಟ್ಟಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಗೆದ್ದಲು ವಿದ್ವತ್ತನ್ನು ಲೆಕ್ಕಿಸುವುದಿಲ್ಲ. ಒಬ್ಬರ ಬಿಡುವಿನ ವೇಳೆಯ ತಂತ್ರಾಂಶ ಇನ್ನೊಬ್ಬರ ಜೀವಮಾನದ ಸಂಪಾದನೆಗೆ ಆಶ್ರಯವಾಯಿತು. ಈಗ ಧಾರವಾಡದ ವಿದ್ಯಾರ್ಥಿಯಾಗಲಿ ಅಮೆರಿಕದಲ್ಲಿ ಮಗುವಿಗೆ ಕನ್ನಡ ಕಲಿಸುವ ತಾಯಿಯಾಗಲಿ ಆ ನಿಘಂಟನ್ನು ತೆರೆದು ಶಬ್ದ ನೋಡಬಹುದು. ಮೇಲಾಗಿ, ಕನ್ನಡದಲ್ಲಿ ಕಾಗುಣಿತ ತಪ್ಪುವುದು ಸಹಜ. ಶಕಾರ–ಷಕಾರ, ಲಕಾರ–ಳಕಾರ, ಅಲ್ಪಪ್ರಾಣ–ಮಹಾಪ್ರಾಣ ಇವುಗಳಲ್ಲಿ ಕೈ ಜಾರುತ್ತದೆ. ಇದಕ್ಕಾಗಿ ಹತ್ತಿರದ ಧ್ವನಿಗಳನ್ನು ಒಂದೇ ಗುಂಪಿಗೆ ತಂದು ಉಚ್ಚಾರಣೆಯಿಂದ ಶಬ್ದವನ್ನು ಗುರುತಿಸುವ ಸೂತ್ರವೊಂದನ್ನು ಕೈಲಾಶ್ ನಾಧ್ ಮೊದಲು ಮಲಯಾಳಕ್ಕೆ, ಅನಂತರ ಕನ್ನಡಕ್ಕೆ ರಚಿಸಿದರು. ‘ವಿಶೇಶ’ ಎಂದು ಬರೆದವರಿಗೂ ‘ವಿಶೇಷ’ ಸಿಕ್ಕಬೇಕೆಂಬುದು ಇಂಥ ಸೂತ್ರದ ಉದ್ದೇಶ. ಕನ್ನಡವನ್ನು ಎಡವುತ್ತ ಕಲಿಯುವವರ ಬಗ್ಗೆ ಇದೊಂದು ದಾಕ್ಷಿಣ್ಯ.

ಇಷ್ಟರವರೆಗೆ ಬೆಳೆದ ಮಾತಾಯಿತು. ಇನ್ನು ನೀರು ಹಾಕುವ ಮಾತು. ಪುಸ್ತಕವನ್ನು ಅಚ್ಚು ಹಾಕಿ ಕಪಾಟಿನಲ್ಲಿಟ್ಟರೆ ಐವತ್ತು ವರ್ಷದ ಮೇಲೆ ಧೂಳು ಒರಸಿ ಓದಬಹುದು. ವೆಬ್ ಅಪ್ಲಿಕೇಶನ್ ಹಾಗಲ್ಲ. ಅದನ್ನು ಸುಮ್ಮನೆ ಬಿಟ್ಟರೆ ತಾನಾಗಿಯೇ ಸಾಯುತ್ತದೆ. ಅದರ ವಿಳಾಸ, ಅಂದರೆ ಡೊಮೈನ್ ಹೆಸರು, ಗೇಣಿಯ ಭೂಮಿ. ವರ್ಷ ವರ್ಷವೂ ಗೇಣಿ ಕಟ್ಟಬೇಕು. ಮರೆತರೆ ಆ ವಿಳಾಸ ಪರರ ಪಾಲು. ಸರ್ವರಿಗೆ ತಿಂಗಳ ಬಾಡಿಗೆ ಉಂಟು. ಸಂಪರ್ಕ ಸುರಕ್ಷಿತವಾಗಿದೆಯೆಂದು ಬ್ರೌಸರಿಗೆ ಪ್ರಮಾಣಪತ್ರ ತೋರಿಸಬೇಕು. ೨೦೧೫ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ವ್ಯವಸ್ಥೆ ಅದನ್ನು ಉಚಿತವಾಗಿ ಕೊಡತೊಡಗಿದ್ದು ಬಡ ತಂತ್ರಾಂಶಗಾರನಿಗೆ ಮಹದುಪಕಾರವಾಯಿತು. ಆದರೆ ಆ ಪತ್ರದ ಅವಧಿಯನ್ನು ೯೦ ದಿನವೆಂದು ಇಟ್ಟರು. ಮತ್ತೆ ಮತ್ತೆ ನವೀಕರಿಸುವ ಏರ್ಪಾಟು ಕೆಟ್ಟಿತೋ, ನಾಲ್ಕನೆಯ ತಿಂಗಳು ಬಂದವರನ್ನು ಬ್ರೌಸರು ಬಾಗಿಲಲ್ಲೇ ಹೆದರಿಸುತ್ತದೆ.

ಉಚಿತವಾಗಿ ಜಾಗ ಕೊಡುವವರಿಲ್ಲವೆ ಎಂದರೆ, ಇದ್ದಾರೆ. ಉಚಿತ ಜಾಗ ಎಂದಿಗೂ ಉಚಿತವಾಗಿಯೇ ಉಳಿಯುತ್ತದೆಂಬ ಭರವಸೆ ಮಾತ್ರ ಇಲ್ಲ. ಹೆರೋಕು ಎಂಬ ಕಂಪನಿ ಬಹುಕಾಲ ಚಿಕ್ಕ ಅಪ್ಲಿಕೇಶನ್ನುಗಳಿಗೆ ಬಿಟ್ಟಿ ಜಾಗ ಕೊಟ್ಟಿತ್ತು. ಕಲಿಯುವ ಹುಡುಗರು ತಮ್ಮ ಮೊದಲ ಕೆಲಸಗಳನ್ನು ಅಲ್ಲಿ ಇಡುತ್ತಿದ್ದರು. ೨೦೨೨ರ ನವೆಂಬರ್ ೨೮ರಂದು ಆ ಸೌಕರ್ಯ ನಿಂತಿತು. ಹಣ ಕಟ್ಟಿಯೋ ಬೇರೆ ಜಾಗ ಹುಡುಕಿಯೋ ಉಳಿಸಿಕೊಳ್ಳದವರ ಅಪ್ಲಿಕೇಶನ್ನುಗಳು ಆರಿದ ದೀಪಗಳಾದವು.

ಇನ್ನೊಂದು ಅವಲಂಬನೆ ಕಣ್ಣಿಗೆ ಕಾಣದ್ದು. ಇಂದಿನ ತಂತ್ರಾಂಶವನ್ನು ಯಾರೂ ಮೊದಲಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ಪರರು ಬರೆದು ಹಂಚಿದ ನೂರಾರು ತುಣುಕುಗಳನ್ನು ಸೇರಿಸಿ ಕಟ್ಟುತ್ತಾರೆ. ೨೦೧೬ರ ಮಾರ್ಚಿನಲ್ಲಿ ಒಬ್ಬ ತಂತ್ರಾಂಶಗಾರ ಕೋಪಗೊಂಡು ತಾನು ಹಂಚಿದ್ದ ತುಣುಕುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡ. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದು ಕೇವಲ ೧೧ ಸಾಲಿನದು. ಬರವಣಿಗೆಯ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದನ್ನು ನಂಬಿದ್ದ ಸಾವಿರಾರು ಯೋಜನೆಗಳ ಕಟ್ಟೋಣ ಕೆಲವು ಗಂಟೆಗಳ ಕಾಲ ನಿಂತೇಹೋಯಿತು. ತೆಗೆದದ್ದನ್ನು ಮತ್ತೆ ಇಟ್ಟ ಮೇಲೆ ಸರಿಹೋಯಿತು. ಆದ್ದರಿಂದ ಬಹುಕಾಲ ಬಾಳಬೇಕೆಂದು ಕಟ್ಟುವವರು ಎರವಲಿನ ಸಾಮಾನು ಕಡಮೆ ಮಾಡಿಕೊಳ್ಳುವುದು ವಿವೇಕ.

ಕಟ್ಟಿದವನು ಕೈಬಿಟ್ಟಾಗ ನಷ್ಟ ಯಾರದು? ಅವನದು ಸ್ವಲ್ಪ; ನಂಬಿ ಬಳಸಿದವರದು ಬಹಳ. ಜೋಶುವಾ ಶಾಕ್ಟರ್ ಎಂಬಾತ ತಾನು ಓದಿ ಮೆಚ್ಚಿದ ಜಾಲಪುಟಗಳ ವಿಳಾಸಗಳನ್ನು ಜೋಡಿಸಿಟ್ಟುಕೊಳ್ಳಲು ಮಾಡಿಕೊಂಡ ಏರ್ಪಾಟು ೨೦೦೩ರಲ್ಲಿ ‘ಡೆಲಿಶಿಯಸ್’ ಎಂಬ ತಾಣವಾಯಿತು. ಆಗ ಆತ ಒಂದು ಹಣಕಾಸಿನ ಸಂಸ್ಥೆಯಲ್ಲಿ ನೌಕರ. ಜನ ಮುಗಿಬಿದ್ದರು. ೨೦೦೫ರ ಡಿಸೆಂಬರಿನಲ್ಲಿ ಯಾಹೂ ಕಂಪನಿ ಅದನ್ನು ಕೊಂಡಿತು, ೨೦೧೧ರಲ್ಲಿ ಮಾರಿತು, ಅಲ್ಲಿಂದ ಮುಂದೆ ಅದು ಕೈಯಿಂದ ಕೈಗೆ ಹೋಯಿತು. ಒಂದೊಂದು ಕೈ ಬದಲಾದಾಗಲೂ ಹಳೆಯ ಬಳಕೆದಾರರು ಕಡಮೆಯಾದರು. ಕೊನೆಗೆ ೨೦೧೭ರಲ್ಲಿ ಅದನ್ನು ೩೫,೦೦೦ ಡಾಲರಿಗೆ ಕೊಂಡವನು ಮಾಚೇ ಸೆಗ್ವೋವ್ಸ್ಕಿ ಎಂಬ ಒಬ್ಬಂಟಿ ತಂತ್ರಾಂಶಗಾರ. ಆತ ೨೦೦೯ರಿಂದ ‘ಪಿನ್‌ಬೋರ್ಡ್’ ಎಂಬ ಅದೇ ಬಗೆಯ ತಾಣವನ್ನು ಬಹುಮಟ್ಟಿಗೆ ತಾನೊಬ್ಬನೇ ನಡೆಸುತ್ತಿದ್ದವನು.

ದೊಡ್ಡ ಕಂಪನಿಯ ಕೈಯಲ್ಲಿ ಬಾಡಿದ್ದನ್ನು ಒಬ್ಬಂಟಿಗ ಕೊಳ್ಳುವಂತಾದದ್ದು ಹೇಗೆ? ಆತ ತನ್ನ ಸೇವೆಗೆ ಮೊದಲಿನಿಂದಲೂ ಹಣ ಕೇಳುತ್ತಿದ್ದ. ನಮ್ಮಲ್ಲಿ ಬಿಡುವಿನ ವೇಳೆಯ ಕೆಲಸಕ್ಕೆ ಹಣ ಕೇಳುವುದೆಂದರೆ ಸಂಕೋಚ. ಸಂಗೀತ ಕಲಿಸುವವರಿಗೂ ಜಾತಕ ನೋಡುವವರಿಗೂ ಇಲ್ಲದ ಸಂಕೋಚ ತಂತ್ರಾಂಶ ಬರೆಯುವವರಿಗೆ ಏಕೆ ಬೇಕೋ ತಿಳಿಯದು. ಸರ್ವರಿನ ಬಾಡಿಗೆಯಷ್ಟನ್ನಾದರೂ ಬಳಸುವವರು ಹಂಚಿಕೊಂಡರೆ ಕಟ್ಟಿದವನ ಮನೆಯವರಿಗೂ ನೆಮ್ಮದಿ, ತಂತ್ರಾಂಶಕ್ಕೂ ಆಯುಸ್ಸು.

ಹಣಕ್ಕಿಂತ ದೊಡ್ಡ ರಕ್ಷೆಯೊಂದಿದೆ. ಅದು ಪರವಾನಗಿ, ಅಂದರೆ ಲೈಸೆನ್ಸು. ೨೦೦೧ರಲ್ಲಿ ಮಿಶೆಲ್ ವಾಲ್ಡ್ರಿಘಿ ಎಂಬಾತ ಜಾಲದಲ್ಲಿ ದಿನಚರಿಯಂಥ ಬರಹಗಳನ್ನು ಪ್ರಕಟಿಸಲು ‘ಬಿ೨’ ಎಂಬ ತಂತ್ರಾಂಶ ಬರೆದ. ಸ್ವಲ್ಪ ಕಾಲದ ಮೇಲೆ ಅದರ ಕೆಲಸ ನಿಂತುಹೋಯಿತು. ಅದನ್ನು ಬಳಸುತ್ತಿದ್ದವರಲ್ಲಿ ಅಮೆರಿಕದ ಮ್ಯಾಟ್ ಮುಲ್ಲನ್‌ವೆಗ್ ಎಂಬ ತರುಣನೂ ಇಂಗ್ಲೆಂಡಿನ ಮೈಕ್ ಲಿಟ್ಲ್ ಎಂಬಾತನೂ ಇದ್ದರು. ಬಿ೨ದ ಪರವಾನಗಿ ಮುಕ್ತವಾದದ್ದು. ಯಾರು ಬೇಕಾದರೂ ಪ್ರತಿ ಮಾಡಿಕೊಂಡು ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದ್ದನ್ನೂ ಅದೇ ರೀತಿ ಮುಕ್ತವಾಗಿ ಇಡಬೇಕು ಎಂಬುದೊಂದೇ ಮುಖ್ಯ ಕರಾರು. ಅವರಿಬ್ಬರೂ ಆ ಕೋಡನ್ನು ತೆಗೆದುಕೊಂಡು ಮುಂದುವರಿಸಿ ೨೦೦೩ರ ಮೇ ೨೭ರಂದು ‘ವರ್ಡ್‌ಪ್ರೆಸ್’ ಎಂಬ ಹೊಸ ಹೆಸರಿನಲ್ಲಿ ಹೊರತಂದರು. ಈ ಹೊತ್ತು ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಅದರ ಮೇಲೆ ನಡೆಯುತ್ತಿವೆ. ಮೊದಲು ಬರೆದವನು ಕೋಡಿನ ಜೊತೆಗೆ ಆ ಒಂದು ಪರವಾನಗಿ ಇಡದೆ ಹೋಗಿದ್ದರೆ, ಅವನ ಕೆಲಸ ಅಲ್ಲಿಗೇ ಮಣ್ಣಾಗುತ್ತಿತ್ತು. ಅಲರ್ ನಿಘಂಟನ್ನೂ ಇದೇ ಬಗೆಯ ಮುಕ್ತ ಪರವಾನಗಿಯ ಮೇಲೆ ಜನಕ್ಕೆ ಕೊಟ್ಟಿದ್ದಾರೆ. ಸರ್ನ್ ಸಂಸ್ಥೆ ೧೯೯೩ರಲ್ಲಿ ತೋರಿದ ದಾರಿಯೂ ಇದೇ ಅಲ್ಲವೆ?

ಪರವಾನಗಿ ಇಡದಿದ್ದರೆ ಏನಾಗುತ್ತದೆ? ೧೯೫೭ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಒಂದು ಸಾಹಿತ್ಯಕೃತಿ. ಕಾದಂಬರಿಯನ್ನು ಹೇಗೆ ಕೇಳದೆ ಅಚ್ಚು ಹಾಕಬಾರದೋ ಹಾಗೆ ಕೋಡನ್ನೂ ಕೇಳದೆ ಎತ್ತಿಕೊಳ್ಳುವಂತಿಲ್ಲ. ಜಾಲದಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಇಟ್ಟ ಮಾತ್ರಕ್ಕೆ ಎಲ್ಲರದೂ ಆಗುವುದಿಲ್ಲ. ಇನ್ನೊಂದು ಕಲಮನ್ನು ನೌಕರಿಯಲ್ಲಿರುವವರು ತಿಳಿದಿರಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಕರ್ತವ್ಯದಲ್ಲಿ ಬರೆದದ್ದಕ್ಕೆ ಮೊದಲ ಒಡೆಯ ಉದ್ಯೋಗದಾತ. ಕೆಲವು ನೇಮಕದ ಕರಾರುಗಳು ಇದಕ್ಕಿಂತಲೂ ಮುಂದೆ ಹೋಗಿರುತ್ತವೆ. ಆದ್ದರಿಂದ ಕಚೇರಿಯ ಯಂತ್ರದಲ್ಲಿ, ಕಚೇರಿಯ ವೇಳೆಯಲ್ಲಿ ಸ್ವಂತ ಕೆಲಸ ಬೇಡ. ಸಹಿ ಹಾಕಿದ ಕಾಗದವನ್ನು ಒಮ್ಮೆ ಪೂರ್ತಿ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಬಿಡುವಿನ ವೇಳೆಯಲ್ಲಿ ಕಟ್ಟುವವರು ಪಾಲಿಸಬೇಕಾದದ್ದು ಏನು? ಮೊದಲನೆಯದು, ಚಿಕ್ಕದಾಗಿ ಕಟ್ಟುವುದು. ಒಂದು ಕೆಲಸವನ್ನು ಚೆನ್ನಾಗಿ ಮಾಡಿದರೆ ಸಾಕು. ಎರಡನೆಯದು, ಬಳಸಿದವರು ತಮ್ಮ ವಿವರಗಳನ್ನು ಯಾವ ದಿನ ಬೇಕಾದರೂ ಸರಳ ರೂಪದಲ್ಲಿ ಇಳಿಸಿಕೊಂಡು ಹೋಗುವ ಬಾಗಿಲನ್ನು ಇಡುವುದು. ಬಾಗಿಲಿಲ್ಲದ ಉಗ್ರಾಣಕ್ಕೆ ಯಾರೂ ದವಸ ಹಾಕಬಾರದು. ಮೂರನೆಯದು, ಬೇಡದ ವಿವರ ಕೇಳದಿರುವುದು. ಇಟ್ಟುಕೊಳ್ಳದ ಫೋನ್ ನಂಬರು ಕಳವಾಗಲಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ೨೦೨೩ರಲ್ಲಿ ನಮ್ಮ ದೇಶದಲ್ಲಿಯೂ ಬಂದಿದೆ. ವ್ಯಕ್ತಿಯೊಬ್ಬ ತನ್ನ ಸ್ವಂತ ಇಲ್ಲವೆ ಮನೆಯ ಕೆಲಸಕ್ಕೆ ವಿವರಗಳನ್ನು ಬಳಸಿದರೆ ಅದು ಅನ್ವಯಿಸುವುದಿಲ್ಲ. ಊರಿನವರ ಹೆಸರು, ವಿಳಾಸ ಬರೆಯಿಸಿಕೊಳ್ಳತೊಡಗಿದಾಗ ಮಾತು ಬೇರೆ. ನಾಲ್ಕನೆಯದು, ಕೋಡಿಗೊಂದು ಪರವಾನಗಿ, ಜೊತೆಗೆ ಇದನ್ನು ನಡೆಸುವುದು ಹೇಗೆಂಬ ಎರಡು ಪುಟದ ಬರಹ. ಅದು ಕನ್ನಡದಲ್ಲಿದ್ದರೂ ಸರಿ. ಐದನೆಯದು, ತನ್ನ ಅನಂತರ ವಿಳಾಸದ ಗೇಣಿ ಯಾರು ಕಟ್ಟಬೇಕು, ಕೀಲಿ ಯಾರ ಕೈಯಲ್ಲಿರಬೇಕು ಎಂದು ಇನ್ನೊಬ್ಬರಿಗೆ ಹೇಳಿಡುವುದು. ಜಮೀನಿಗೆ, ಒಡವೆಗೆ ಮರಣಶಾಸನ ಬರೆಯುವ ನಾವು ಹತ್ತು ಸಾವಿರ ಜನ ದಿನವೂ ನೋಡುವ ತಾಣಕ್ಕೆ ಒಂದು ಚೀಟಿ ಬರೆಯಬಾರದೆ?

ಮುಂದುವರಿಸುವ ಶಕ್ತಿ ಇಲ್ಲವಾದರೆ ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಸುಮ್ಮನೆ ನಿಲ್ಲಿಸುವುದು ಸರಿಯಲ್ಲ. ಮೂರು ತಿಂಗಳು ಮುಂಚೆ ತಿಳಿಸಿ, ವಿವರಗಳನ್ನು ಹಿಂದಿರುಗಿಸಿ, ಕೋಡನ್ನು ಜನಕ್ಕೆ ಒಪ್ಪಿಸಿ ಬಾಗಿಲು ಹಾಕಿದವರನ್ನು ಜನ ಗೌರವದಿಂದಲೇ ನೆನೆಯುತ್ತಾರೆ.

ಬಳಸುವ ನಮಗೂ ಕೆಲವು ಕರ್ತವ್ಯಗಳಿವೆ. ಉಚಿತವಾಗಿ ಸಿಕ್ಕಿದ್ದರಲ್ಲಿ ಒಂದು ತಪ್ಪು ಕಂಡರೆ ನೌಕರನನ್ನು ಗದರಿಸುವಂತೆ ಬರೆಯುವವರಿದ್ದಾರೆ. ಆ ತಾಣದ ಹಿಂದೆ ಕಚೇರಿಯಿಲ್ಲ. ಮಗುವನ್ನು ಮಲಗಿಸಿ ಬಂದು ಕೂತ ಒಬ್ಬ ತಂದೆಯೋ, ಪರೀಕ್ಷೆಗೆ ಓದುವ ನಡುವೆ ಬಿಡುವು ಮಾಡಿಕೊಂಡ ಒಬ್ಬ ವಿದ್ಯಾರ್ಥಿನಿಯೋ ಇರಬಹುದು. ತಪ್ಪನ್ನು ಯಾವ ಪುಟದಲ್ಲಿ, ಏನು ಮಾಡಿದಾಗ ಕಂಡಿರೆಂದು ವಿವರವಾಗಿ, ಸೌಜನ್ಯದಿಂದ ತಿಳಿಸಿದರೆ ಅದೇ ದೊಡ್ಡ ಸಹಾಯ. ಪ್ರೋಗ್ರಾಂ ಬಾರದವರೂ ನೆರವಾಗಬಹುದು. ನಿಘಂಟಿಗೆ ನಿಮ್ಮ ಊರಿನ ಶಬ್ದ ಕೊಡಬಹುದು, ಕಾಗುಣಿತ ತಿದ್ದಬಹುದು, ಇಂಗ್ಲಿಷಿನಲ್ಲಿರುವ ಸೂಚನೆಗಳನ್ನು ಕನ್ನಡಕ್ಕೆ ತರಬಹುದು. ಪಲಕ್ ಶಾ ಅವರು ಶಬ್ದ ಆರಿಸಿಕೊಟ್ಟದ್ದನ್ನೂ ಜೋಸೆಫ್ ಅವರು ಶಬ್ದ ತುಂಬಿಕೊಟ್ಟದ್ದನ್ನೂ ಆಗಲೇ ಹೇಳಿದೆ. ಅವರಿಲ್ಲದೆ ಆ ಆಟವೂ ಆ ನಿಘಂಟೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಕಟ್ಟಿದ್ದೆಲ್ಲ ವರ್ಡಲ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮನೆಯ ನಾಲ್ಕು ಜನ ಬಳಸುವ ಹಾಲಿನ ಲೆಕ್ಕ ನಾಲ್ಕು ಜನಕ್ಕೆ ಸರಿಯಾಗಿ ನಡೆದರೆ ಅದು ಸಾರ್ಥಕ. ಅರ್ಧಕ್ಕೆ ನಿಂತದ್ದೂ ಕೈಗೆ ಪಳಗಿಕೆ ಕೊಟ್ಟಿರುತ್ತದೆ. ಆದರೆ ಯಾವುದೋ ಒಂದು ಮನೆಯ ಗೋಡೆ ದಾಟಿ ಊರಿನವರಿಗೂ ಬೇಕಾಯಿತೆಂದು ತಿಳಿದ ದಿನ, ಕಟ್ಟಿದವರು ಒಂದು ಸಂಜೆ ಹೊಸ ಸೌಕರ್ಯಗಳ ಯೋಚನೆಯನ್ನು ಬದಿಗಿಟ್ಟು ಆ ಪರವಾನಗಿಯನ್ನೂ ಎರಡು ಪುಟದ ಬರಹವನ್ನೂ ಬರೆಯಲಿ. ಕನ್ನಡದಲ್ಲಿ ಇನ್ನೂ ಜಾಲಕ್ಕೆ ಬರಬೇಕಾದ ಶಬ್ದಕೋಶಗಳು, ಹಾಡುಗಳು, ಊರಿನ ಚರಿತ್ರೆಗಳು, ಬಿತ್ತನೆಯ ತಿಳಿವಳಿಕೆ ಎಷ್ಟೋ ಉಂಟು. ಅವಕ್ಕೆ ಮನೆ ಕಟ್ಟುವವರು ನಮ್ಮ ನಡುವೆಯೇ ಇದ್ದಾರೆ. ಕಟ್ಟಿದ ಮನೆಯ ಕೀಲಿ ಮುಂದಿನವರ ಕೈಗೆ ಸಿಕ್ಕುವಂತೆ ಅವರು ಇಟ್ಟುಹೋದರೆ, ನಾಲ್ಕು ದಶಕಗಳ ದುಡಿಮೆ ಇನ್ನೊಂದು ನಾಲ್ಕು ದಶಕ ಬಾಳೀತು.